'ರವಿ ಬೋಪಣ್ಣ' ನೋಡಿ ಅಂಗದಾನಕ್ಕೆ ಹೆದರಬೇಕಾ?

ದೆವ್ವದ ಸಿನಿಮಾ ನೋಡಿ ಬಂದವರು ಒಂದು ರಾತ್ರಿ ಲೈಟ್ ಹಾಕಿಕೊಂಡು ಮಲಗಿದರೆ ಭಯ ಮುಗೀತು. ಆಸ್ಪತ್ರೆಯ ಪಿತೂರಿ ಸಿನಿಮಾ ಹಾಗಲ್ಲ. ಅದರ ದೆವ್ವದ ಮನೆ ನಮ್ಮ ಬೀದಿಯಲ್ಲೇ ಇರುತ್ತೆ. ಹೊರಮಾವಿನಿಂದ ರಿಂಗ್ ರೋಡಿಗೆ ಬಂದು ಹೆಬ್ಬಾಳದ ಕಡೆ ಹೋಗಿ, ಕೆ.ಆರ್. ಪುರದ ಕಡೆ ಹೋಗಿ, ದಾರಿಯುದ್ದಕ್ಕೂ ಆಸ್ಪತ್ರೆಗಳ ಬೋರ್ಡುಗಳು. ಇವತ್ತಲ್ಲ ನಾಳೆ ಅವುಗಳಲ್ಲಿ ಒಂದರ ಐಸಿಯು ಮುಂದೆ ನಾವು ಕೂರಲೇಬೇಕು.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಆಗಾಗ ತಿರುಗಿ ಬರುವ ಒಂದು ಮೆಸೇಜ್ ಇದೆ: "ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಆರ್ಗನ್ ಡೋನರ್ ಅಂತ ಹಾಕಿಸಬೇಡಿ. ಆಕ್ಸಿಡೆಂಟ್ ಆದ್ರೆ ಡಾಕ್ಟರು ಉಳಿಸೋಕೆ ಪ್ರಯತ್ನನೇ ಮಾಡಲ್ಲ." ಅದರ ಕೆಳಗೆ ಯಾವುದೋ ಸಿನಿಮಾದ ತುಣುಕು. ಕಳಿಸಿದವರು ಕೆಟ್ಟವರಲ್ಲ, ನಿಜವಾಗಿಯೂ ಹೆದರಿದವರು. ಅವರನ್ನು ಗೇಲಿ ಮಾಡಿದರೆ ಭಯ ಹೋಗಲ್ಲ. ಹಾಗಾಗಿ ಆ ಭಯವನ್ನು ಬಿಚ್ಚಿ ನೋಡೋಣ. ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ನನಗೆ ಮೊದಲು ಬರುವ ಪ್ರಶ್ನೆ ಒಂದೇ: ಈ ಪಿತೂರಿ ಕೆಲಸ ಮಾಡಬೇಕಾದರೆ ಏನೇನು ಭಾಗ ಬೇಕು, ಎಷ್ಟು ಜನ ಬೇಕು? (ಮುಂದೆ ಕಥೆ ಬಿಟ್ಟುಕೊಡುತ್ತಿದ್ದೇನೆ, ಸಿನಿಮಾ ನೋಡದವರು ಕ್ಷಮಿಸಿ.)

ಕಥೆ ಯಾವುದು

2022ರ ಆಗಸ್ಟ್‌ನಲ್ಲಿ ವಿ. ರವಿಚಂದ್ರನ್ ನಿರ್ದೇಶಿಸಿ ನಟಿಸಿದ 'ರವಿ ಬೋಪಣ್ಣ' ಬಂತು. ಇದು 2018ರ ಮಲಯಾಳಂ ಸಿನಿಮಾ 'ಜೋಸೆಫ್'ನ ರೀಮೇಕ್. ಮೂಲದಲ್ಲಿ ಜೋಜು ಜಾರ್ಜ್ ನಿವೃತ್ತ ಪೊಲೀಸ್. ಅವನ ಮಾಜಿ ಹೆಂಡತಿ ರಸ್ತೆ ಅಪಘಾತದಲ್ಲಿ ಗಾಯಗೊಂಡು, ಮೆದುಳು ಸತ್ತಿದೆ ಅಂತ ಘೋಷಣೆಯಾಗಿ, ಅಂಗದಾನ ಆಗುತ್ತೆ. ಅದು ಅಪಘಾತವಲ್ಲ, ಅಂಗಗಳಿಗಾಗಿ ಮಾಡಿದ ಕೊಲೆ ಅಂತ ಅವನು ಪತ್ತೆ ಹಚ್ಚುತ್ತಾನೆ.

ಇದರ ಮುತ್ತಜ್ಜ 1978ರ ಅಮೆರಿಕನ್ ಸಿನಿಮಾ 'ಕೋಮಾ'. ಕಾದಂಬರಿ ಬರೆದ ರಾಬಿನ್ ಕುಕ್ ವೈದ್ಯರು, ಸಿನಿಮಾ ನಿರ್ದೇಶಿಸಿದ ಮೈಕಲ್ ಕ್ರೈಟನ್ ಕೂಡ ವೈದ್ಯಕೀಯ ಓದಿದವರು. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಸಣ್ಣಪುಟ್ಟ ಆಪರೇಷನ್ನಿಗೆ ಬಂದ ಆರೋಗ್ಯವಂತರು ಕೋಮಾಗೆ ಜಾರುತ್ತಾರೆ. ಎಲ್ಲರೂ 8ನೇ ನಂಬರಿನ ಆಪರೇಷನ್ ಥಿಯೇಟರಿಗೆ ಹೋದವರು. ಅಲ್ಲಿ ಗ್ಯಾಸ್ ಪೈಪಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತಾರೆ. ಆಮೇಲೆ ಆ ದೇಹಗಳನ್ನು ಒಂದು ಸಂಸ್ಥೆಯಲ್ಲಿ ತಂತಿಗೆ ತೂಗುಹಾಕಿಟ್ಟು ಅಂಗಗಳನ್ನು ಹರಾಜು ಹಾಕುತ್ತಾರೆ.

ಆ ಕಥೆ ಆಗ ಹುಟ್ಟಿದ್ದು ಸುಮ್ಮನೆ ಅಲ್ಲ. 1967ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನ ಹೃದಯ ಕಸಿ ಮಾಡಿದರು. ಮರುವರ್ಷವೇ ಹಾರ್ವರ್ಡ್‌ನ ಸಮಿತಿಯೊಂದು 'ಮೆದುಳು ಸತ್ತರೆ ಮನುಷ್ಯ ಸತ್ತ ಹಾಗೆ' ಎಂಬ ಅರ್ಥದ ಹೊಸ ಮಾನದಂಡ ಮುಂದಿಟ್ಟಿತು. ಇವೆರಡೂ ಒಂದರ ಹಿಂದೆ ಒಂದು ಬಂದದ್ದು ನೋಡಿ ಜನ ಕೇಳಿದರು: ಅಂಗ ಬೇಕು ಅಂತಲೇ ಸಾವಿನ ಅರ್ಥ ಬದಲಾಯಿಸಿದ್ರಾ? ಸಿನಿಮಾಗಳು ಆ ಪ್ರಶ್ನೆಯನ್ನು ಐವತ್ತು ವರ್ಷದಿಂದ ಕೇಳುತ್ತಾ ಇವೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಸಿನಿಮಾದಲ್ಲಿ ಸಿಗಲ್ಲ.

ಕೋಮಾ ಬೇರೆ, ಮೆದುಳು ಸಾವು ಬೇರೆ

ನಮ್ಮ ಅರ್ಧ ಭಯ ಪದಗಳ ಗೊಂದಲದಿಂದ ಬಂದದ್ದು. ಮೂರು ಸ್ಥಿತಿಗಳಿವೆ.

ಒಂದು, ಕೋಮಾ. ಎಚ್ಚರ ಇಲ್ಲ, ಆದರೆ ಮೆದುಳು ಬದುಕಿದೆ. ಇದರಿಂದ ಕೆಲವರು ಹೊರಬರುತ್ತಾರೆ. "ಕೋಮಾದಲ್ಲಿದ್ದೋರು ಎದ್ದು ಕೂತ್ರಂತೆ" ಅನ್ನುವ ಸುದ್ದಿಗಳೆಲ್ಲ ಇಂಥವರದು.

ಎರಡು, ಮೆದುಳಿನ ಮೇಲ್ಭಾಗಕ್ಕೆ ತೀವ್ರ ಹಾನಿಯಾಗಿ, ಕೆಳಗಿನ ಕಾಂಡ ಮಾತ್ರ ಕೆಲಸ ಮಾಡುವ ಸ್ಥಿತಿ. ಕಣ್ಣು ಬಿಡುತ್ತಾರೆ, ಸ್ವಂತ ಉಸಿರಾಡುತ್ತಾರೆ, ಸುತ್ತಲಿನ ಅರಿವು ಇರುವುದಿಲ್ಲ. ಇದಕ್ಕೆ ನಮ್ಮವರದೇ ಉದಾಹರಣೆ ಇದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್. 1973ರ ಹಲ್ಲೆಯ ನಂತರ 2015ರ ಮೇವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ 2011ರ ತೀರ್ಪು ಒಂದನ್ನು ಸ್ಪಷ್ಟವಾಗಿ ಹೇಳಿತು: ಅವರ ಮೆದುಳು ಸತ್ತಿಲ್ಲ.

ಮೂರು, ಮೆದುಳು ಕಾಂಡದ ಸಾವು. ಉಸಿರಾಟವನ್ನು ನಡೆಸುವ ಭಾಗವೇ ಹೋಗಿರುತ್ತೆ. ಎದೆ ಏರಿಳಿಯುವುದು ವೆಂಟಿಲೇಟರ್ ಗಾಳಿ ತುಂಬುವುದರಿಂದ. ಹೃದಯಕ್ಕೆ ತನ್ನದೇ ವಿದ್ಯುತ್ ವ್ಯವಸ್ಥೆ ಇರುವುದರಿಂದ ಆಮ್ಲಜನಕ ಸಿಗುವವರೆಗೆ ಬಡಿಯುತ್ತೆ. ಈ ಸ್ಥಿತಿಯಿಂದ ಯಾರೂ ವಾಪಸ್ ಬರುವುದಿಲ್ಲ. ಮರಣೋತ್ತರವಾಗಿ ಹೃದಯ, ಲಿವರ್, ಕಿಡ್ನಿ ದಾನಕ್ಕೆ ನಮ್ಮಲ್ಲಿ ಬರುವುದು ಬಹುಪಾಲು ಈ ಮೂರನೆಯ ಸ್ಥಿತಿಯಲ್ಲಿ.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಎಂಥ ಹಿಂಸೆ ಆಗುತ್ತೆ ಅಂತ 2021ರ ಜೂನ್‌ನಲ್ಲಿ ನೋಡಿದೆವು. ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಮೆದುಳು ಕೆಲಸ ನಿಲ್ಲಿಸಿದೆ, ಕುಟುಂಬ ಅಂಗದಾನಕ್ಕೆ ಒಪ್ಪಿದೆ ಎಂಬ ಸುದ್ದಿ ಬಂದ ದಿನ ಒಂದು ಕಡೆ 'ನಿಧನ', ಇನ್ನೊಂದು ಕಡೆ 'ಇನ್ನೂ ಉಸಿರಾಡುತ್ತಿದ್ದಾರೆ', ಮತ್ತೊಂದು ಕಡೆ 'ಪವಾಡಕ್ಕೆ ಪ್ರಾರ್ಥನೆ'. ರಾಷ್ಟ್ರಪ್ರಶಸ್ತಿ ಪಡೆದ ನಟನ ವಿಷಯದಲ್ಲೇ ಹೀಗಾದರೆ ಸಾಮಾನ್ಯರ ಮನೆಯಲ್ಲಿ ಏನಾಗಬೇಡ? ಸತ್ತಿದ್ದಾರಾ, ಇದ್ದಾರಾ ಎಂಬ ಗೊಂದಲ ಉಳಿದ ಕಡೆ ಅನುಮಾನ ಸುಲಭವಾಗಿ ಬೇರು ಬಿಡುತ್ತೆ.

ಪಿತೂರಿಗೆ ಎಷ್ಟು ಜನ ಬೇಕು

1994ರ ಮಾನವ ಅಂಗಾಂಗ ಕಸಿ ಕಾಯ್ದೆ, ಅದರ 2011ರ ತಿದ್ದುಪಡಿ, 2014ರ ನಿಯಮಗಳು ಸೇರಿ ಹೇಳುವುದಿಷ್ಟು. ಮೆದುಳು ಕಾಂಡದ ಸಾವನ್ನು ಒಬ್ಬ ಡಾಕ್ಟರ್ ಘೋಷಿಸುವಂತಿಲ್ಲ, ನಾಲ್ವರು ಸಹಿ ಹಾಕಬೇಕು. ಆಸ್ಪತ್ರೆಯ ಮುಖ್ಯಸ್ಥರು, ಸರ್ಕಾರದ ಪ್ರಾಧಿಕಾರ ಒಪ್ಪಿದ ಪಟ್ಟಿಯಿಂದ ಒಬ್ಬ ತಜ್ಞರು, ಒಬ್ಬ ನರರೋಗ ತಜ್ಞ ಅಥವಾ ನರಶಸ್ತ್ರಜ್ಞ (ಅವರು ಸಿಗದ ಕಡೆ ಬೇರೆ ಅರ್ಹ ತಜ್ಞರು), ಮತ್ತು ಚಿಕಿತ್ಸೆ ಕೊಡುತ್ತಿರುವ ವೈದ್ಯರು. ಇವರಲ್ಲಿ ಯಾರೂ ಕಸಿ ಮಾಡುವ ತಂಡದಲ್ಲಿ ಇರಬಾರದು. ಪರೀಕ್ಷೆ ಒಂದು ಸಲ ಮಾಡಿದರೆ ಸಾಲದು, ಕನಿಷ್ಠ 6 ಗಂಟೆ ಬಿಟ್ಟು ಇನ್ನೊಂದು ಸಲ ಮಾಡಬೇಕು.

ಅದರಲ್ಲಿ ಮುಖ್ಯವಾದದ್ದು ಆಪ್ನಿಯಾ ಪರೀಕ್ಷೆ. ಮೊದಲು ಆಮ್ಲಜನಕ ಚೆನ್ನಾಗಿ ಕೊಟ್ಟು ವೆಂಟಿಲೇಟರ್ ಕಳಚುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರುತ್ತಾ ಹೋಗುತ್ತೆ. ಮೆದುಳು ಕಾಂಡ ಒಂಚೂರು ಬದುಕಿದ್ದರೂ ಆ ಒತ್ತಡಕ್ಕೆ ದೇಹ ಉಸಿರೆಳೆಯಲೇಬೇಕು. ಒಂದೇ ಒಂದು ಉಸಿರು ಬಂದರೂ ಘೋಷಣೆ ಇಲ್ಲ. ರಕ್ತ ಪರೀಕ್ಷೆಯ ಅಂಕಿಗಳು ದಾಖಲೆಯಲ್ಲಿ ಇರುತ್ತವೆ.

ಅಷ್ಟಕ್ಕೇ ಮುಗಿಯಲ್ಲ. ರಸ್ತೆ ಅಪಘಾತ ಅಂದರೆ ಪೊಲೀಸ್ ಕೇಸು. ಹಾಗಾಗಿ ಅಂಗ ತೆಗೆಯುವ ಮೊದಲು ತನಿಖಾಧಿಕಾರಿಯ ಒಪ್ಪಿಗೆ ಬೇಕು, ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರೂ ಬರುತ್ತಾರೆ. ಅಂಗ ಯಾರಿಗೆ ಅಂತ ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ಕಾಯುವವರ ಪಟ್ಟಿ ನೋಡಿ ಹೇಳಬೇಕು. ಮತ್ತು ಲೈಸೆನ್ಸ್‌ನಲ್ಲಿ ನೀವು ಏನೇ ಬರೆಸಿರಿ, ಮನೆಯವರ ಸಹಿ ಇಲ್ಲದೆ ನಮ್ಮಲ್ಲಿ ಅಂಗ ತೆಗೆಯುವುದಿಲ್ಲ. ವಾಟ್ಸಾಪ್ ಮೆಸೇಜಿಗೆ ಉತ್ತರ ಇಲ್ಲೇ ಇದೆ. ಎಮರ್ಜೆನ್ಸಿಯಲ್ಲಿ ನಿಮ್ಮ ತಲೆಗೆ ಹೊಲಿಗೆ ಹಾಕುವ ಡ್ಯೂಟಿ ಡಾಕ್ಟರ್ ನಿಮ್ಮ ಲೈಸೆನ್ಸ್ ತೆಗೆದು ನೋಡುತ್ತಾ ಕೂರಲ್ಲ. ನೋಡಿದರೂ ಅದರಿಂದ ಅವರಿಗೆ ಏನೂ ಸಿಗಲ್ಲ.

ಎಂಜಿನಿಯರ್ ತಲೆಯಿಂದ ಇನ್ನೊಂದು ಲೆಕ್ಕ. 'ಜೋಸೆಫ್' ಮಾದರಿಯಲ್ಲಿ ತಲೆಗೆ ಹೊಡೆದು ದಾನಿಯನ್ನು 'ತಯಾರು' ಮಾಡಬೇಕು ಅಂದುಕೊಳ್ಳಿ. ಪೆಟ್ಟು ಜಾಸ್ತಿಯಾದರೆ ರಸ್ತೆಯಲ್ಲೇ ಸಾವು, ಅಂಗ ಉಪಯೋಗಕ್ಕಿಲ್ಲ. ಕಡಿಮೆಯಾದರೆ ಬದುಕಿ ಬಂದು ಸಾಕ್ಷಿ ಹೇಳುತ್ತಾರೆ. ಸರಿಯಾಗಿ ಮೆದುಳು ಕಾಂಡ ಮಾತ್ರ ಹೋಗಿ, ಹೃದಯ ನಿಲ್ಲದೆ, ಆ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಹೊರಮಾವು ಜಂಕ್ಷನ್ ದಾಟಿ, ಅದೇ ಆಸ್ಪತ್ರೆಗೇ ತಲುಪಬೇಕು. ಅದೂ ಆದಮೇಲೆ ರಕ್ತದ ಗುಂಪು ಹೊಂದಬೇಕು, ಅಂಗದ ಗಾತ್ರ ಹೊಂದಬೇಕು. ಹೃದಯಕ್ಕೆ ಇರುವ ಸಮಯ ಸುಮಾರು 4 ಗಂಟೆ, ಲಿವರ್‌ಗೆ ಅದರ ಎರಡು ಮೂರು ಪಟ್ಟು. ಇಷ್ಟು ಕಡೆ ಅದೃಷ್ಟ ನಂಬಿಕೊಂಡ ಯೋಜನೆಗೆ ಯಾವ ಕಳ್ಳನೂ ಬಂಡವಾಳ ಹಾಕಲ್ಲ.

'ಕೋಮಾ' ಸರಿ ಹೇಳಿದ್ದು, ತಪ್ಪಿದ್ದು

ನ್ಯಾಯವಾಗಿ ಹೇಳಬೇಕು, 'ಕೋಮಾ'ದ ಒಂದು ಭಾಗ ತಾಂತ್ರಿಕವಾಗಿ ಗಟ್ಟಿ ಇದೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ನೆನಪಿದೆಯಲ್ಲ? ಅದು ಎರಡು ಬಣ್ಣದ ಬೆಳಕು ಬಿಟ್ಟು ರಕ್ತದ ಕೆಂಪನ್ನು ಅಳೆಯುತ್ತೆ. ಹಿಮೋಗ್ಲೋಬಿನ್‌ಗೆ ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡರೂ ಆ ರಕ್ತ ಕೆಂಪಾಗೇ ಕಾಣುತ್ತೆ. ಹಾಗಾಗಿ ಸಾಮಾನ್ಯ ಆಕ್ಸಿಮೀಟರ್ ರೋಗಿ ಉಸಿರುಗಟ್ಟುತ್ತಿದ್ದರೂ 98, 99 ಅಂತ ತೋರಿಸಬಹುದು. ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್‌ನಿಂದ ಸಾಯುವವರ ವಿಷಯದಲ್ಲೂ ಇದೇ ವಿಷಾನಿಲ. ಆ ಮನೆಗಳಲ್ಲಿ ಪಿತೂರಿ ಏನಿಲ್ಲ, ಗಾಳಿ ಆಡುವ ಕಿಟಕಿ ಇಲ್ಲ ಅಷ್ಟೆ.

ಆದರೆ ಸಾಲಾಗಿ ತೂಗುಹಾಕಿದ ದೇಹಗಳು? ಅದು ಬರೀ ಸೆಟ್. ಮೆದುಳು ಕಾಂಡ ಸತ್ತ ಮೇಲೆ ದೇಹವನ್ನು ಹಿಡಿದಿಡುವುದು ಬಹಳ ಕಷ್ಟ. ರಕ್ತದೊತ್ತಡ ಕುಸಿಯುತ್ತೆ, ಮೂತ್ರ ಕೊಡಗಟ್ಟಲೆ ಹೋಗುತ್ತೆ, ಉಪ್ಪಿನಂಶ ಏರುಪೇರಾಗುತ್ತೆ, ಮೈ ತಣ್ಣಗಾಗುತ್ತೆ. ಒಳ್ಳೆಯ ಐಸಿಯುನಲ್ಲೂ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಹೃದಯ ನಿಲ್ಲುತ್ತೆ. ಆರ್ಡರ್ ಬರುವವರೆಗೆ ಗೋದಾಮಿನಲ್ಲಿ ಇಡುವ ಸರಕಲ್ಲ ಅದು. ಮನೆಯವರಿಗೆ ನಿರ್ಧಾರಕ್ಕೆ ಕೆಲವೇ ಗಂಟೆ ಸಿಗುವುದು ಇದೇ ಕಾರಣಕ್ಕೆ. ಅವಸರ ಕಂಡಾಗ ಅನುಮಾನ ಬರುವುದು ಸಹಜ, ಆದರೆ ಆ ಅವಸರ ದೇಹದ್ದು.

ಹಾಗಾದ್ರೆ ದಂಧೆ ಇಲ್ವಾ? ಇದೆ

ಇಲ್ಲಿಗೆ ನಿಲ್ಲಿಸಿದರೆ ನಾನು ಆಸ್ಪತ್ರೆಗಳ ಪಿಆರ್ ಮಾಡಿದ ಹಾಗಾಗುತ್ತೆ. ಬೆಂಗಳೂರಿಗೆ ಈ ವಿಷಯದಲ್ಲಿ ಕರಾಳ ಇತಿಹಾಸವೇ ಇದೆ. 1995ರ ಆರಂಭದಲ್ಲಿ, ಕಾಯ್ದೆ ಬಂದ ಹೊಸತರಲ್ಲೇ, ನಗರದ ಎಲ್ಲಮ್ಮ ದಾಸಪ್ಪ ಆಸ್ಪತ್ರೆಯ ಹೆಸರಿನೊಂದಿಗೆ ಕಿಡ್ನಿ ಹಗರಣ ದೇಶದಾದ್ಯಂತ ಸುದ್ದಿಯಾಯಿತು. ಕೆಲಸ ಕೊಡಿಸುತ್ತೇವೆ ಅಂತ ಬಡವರನ್ನು ಕರೆತಂದು, ಅವರಿಗೆ ತಿಳಿಸದೆ ಕಿಡ್ನಿ ತೆಗೆದರು ಎಂಬುದು ಆರೋಪ. ವೈದ್ಯರ ಬಂಧನವೂ ಆಯಿತು. 2008ರಲ್ಲಿ ಗುರುಗ್ರಾಮದಲ್ಲಿ ಇನ್ನೂ ದೊಡ್ಡ ಜಾಲ ಸಿಕ್ಕಿತು, ಅದರ ಮುಖ್ಯ ಆರೋಪಿಯನ್ನು ನೇಪಾಳದಲ್ಲಿ ಹಿಡಿದರು.

ಇವೆರಡರಲ್ಲೂ ಒಂದು ಸಾಮ್ಯ ಗಮನಿಸಿ. ಕಿಡ್ನಿ ಕೊಟ್ಟವರು ಬದುಕಿದ್ದವರು. ವೆಂಟಿಲೇಟರ್ ಇಲ್ಲ, ಮೆದುಳು ಸಾವಿನ ಘೋಷಣೆ ಇಲ್ಲ. ಮನುಷ್ಯನಿಗೆ ಎರಡು ಕಿಡ್ನಿ ಇವೆ, ಒಂದರಲ್ಲಿ ಬದುಕಬಹುದು. ಸಾಲ ಇರುವವನು ಸಿಕ್ಕರೆ ಕೊಲೆಯ ಅಗತ್ಯವೇ ಇಲ್ಲ.

ಅಂಕಿ ನೋಡಿದರೆ ಇದು ಇನ್ನೂ ಸ್ಪಷ್ಟ. 2023ರಲ್ಲಿ ದೇಶದಲ್ಲಿ 18 ಸಾವಿರಕ್ಕೂ ಹೆಚ್ಚು ಕಸಿ ನಡೆದವು. ಸತ್ತ ಮೇಲೆ ದಾನ ಮಾಡಿದವರು ಸುಮಾರು 1,100. ಒಬ್ಬ ದಾನಿಯಿಂದ ಹಲವು ಅಂಗ ಬಂದರೂ, ಬಹುಪಾಲು ಅಂಗಗಳು ಬಂದದ್ದು ಬದುಕಿರುವವರಿಂದ. ದಂಧೆ ನಡೆಯುವುದೂ ಆ ಕಡೆಯೇ.

ದಾರಿ ಕಾಯ್ದೆಯ 9ನೇ ಕಲಮಿನಲ್ಲಿದೆ. ಹೆತ್ತವರು, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ, ಅಜ್ಜ ಅಜ್ಜಿ, ಮೊಮ್ಮಕ್ಕಳು ಕೊಟ್ಟರೆ ಹತ್ತಿರದ ಸಂಬಂಧಿ ದಾನ. ಉಳಿದವರು 'ಪ್ರೀತಿ, ಬಾಂಧವ್ಯ'ದ ಕಾರಣಕ್ಕೆ ಕೊಡಬಹುದು, ಅದಕ್ಕೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಉದ್ದೇಶ ಒಳ್ಳೆಯದೇ. ಆತ್ಮೀಯ ಗೆಳೆಯನಿಗೆ ಕಿಡ್ನಿ ಕೊಡುವವರು ಇದ್ದಾರೆ. ಆದರೆ ದಲ್ಲಾಳಿ ಮಾಡುವುದೂ ಇಷ್ಟೇ: ಸಾಲದಲ್ಲಿರುವವನನ್ನು ಹಿಡಿದು, ರೋಗಿಯ ಮನೆಯಲ್ಲಿ ಹತ್ತು ವರ್ಷದಿಂದ ಡ್ರೈವರ್ ಅಂತಲೋ ಸೋದರಮಾವನ ಮಗ ಅಂತಲೋ ಕಾಗದ ಹುಟ್ಟಿಸಿ, ಸಮಿತಿ ಮುಂದೆ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಸುವುದು. ಅಂಗ ಮಾರಾಟಕ್ಕೆ ಈಗ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಇದೆ. ಕೊಟ್ಟವನೂ ಅಪರಾಧಿಯೇ ಆಗುವುದರಿಂದ ಮೋಸ ಹೋದವನು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಲು ಹೆದರುತ್ತಾನೆ. ದಲ್ಲಾಳಿಗೆ ಇದಕ್ಕಿಂತ ಒಳ್ಳೆಯ ವಿಮೆ ಬೇಕಾ?

ಈ ಕಥೆಯಲ್ಲಿ 8ನೇ ನಂಬರಿನ ಥಿಯೇಟರ್ ಇಲ್ಲ. ನೋಟರಿ ಇದ್ದಾನೆ, ಜೆರಾಕ್ಸ್ ಅಂಗಡಿ ಇದೆ, ಮೈಕ್ರೋಫೈನಾನ್ಸ್ ಕಂತು ಇದೆ. ಇಂಟರ್‌ವಲ್ ಟ್ವಿಸ್ಟ್ ಬರಲ್ಲ ಅಂತ ಯಾರೂ ಸಿನಿಮಾ ಮಾಡಲ್ಲ.

ಅನುಮಾನದ ಬೇರು ಬಿಲ್ ಕೌಂಟರ್‌ನಲ್ಲಿ

ಜನ ಐಸಿಯು ಡಾಕ್ಟರನ್ನು ಯಾಕೆ ನಂಬಲ್ಲ? ಕೆಳಗಡೆ ಕೌಂಟರ್‌ನಲ್ಲಿ ಆಗುವ ಅನುಭವದಿಂದ ಅಂತ ನನ್ನ ಅಭಿಪ್ರಾಯ. ಸತ್ತವರಿಗೆ ಚಿಕಿತ್ಸೆ ಕೊಟ್ಟಂತೆ ನಟಿಸಿ ಬಿಲ್ ಮಾಡುವ ಆಸ್ಪತ್ರೆಯ ದೃಶ್ಯ 2002ರ ತಮಿಳು 'ರಮಣ'ದಲ್ಲಿ ಜನಪ್ರಿಯವಾಯಿತು. ಆ ಕಥೆ ಕನ್ನಡಕ್ಕೆ ವಿಷ್ಣುವರ್ಧನ್ ಅವರ 'ವಿಷ್ಣು ಸೇನಾ' ಆಗಿ ಬಂತು. ಥಿಯೇಟರಿನಲ್ಲಿ ಅದಕ್ಕೆ ಬಿದ್ದ ಚಪ್ಪಾಳೆ ನಟನಿಗೆ ಮಾತ್ರ ಬಿದ್ದದ್ದಲ್ಲ.

2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಮಾಡಿದರು. ಮಸೂದೆ ಒಂದಷ್ಟು ಮೆತ್ತಗಾಗಿ ಪಾಸಾಯಿತು. ಆದರೂ ಎರಡು ಒಳ್ಳೆಯ ಅಂಶ ಉಳಿದವು: ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಿ ಅಂತ ಕೂರಿಸುವಂತಿಲ್ಲ, ಬಾಕಿ ಕಟ್ಟದೆ ಶವ ಕೊಡಲ್ಲ ಅನ್ನುವಂತಿಲ್ಲ. ಇವು ಕಾಗದದಿಂದ ವಾರ್ಡಿಗೆ ಇಳಿದಷ್ಟೂ ಅಂಗದಾನದ ಮೇಲಿನ ನಂಬಿಕೆ ಹೆಚ್ಚುತ್ತೆ.

ಜೀವಸಾರ್ಥಕತೆ ಬಗ್ಗೆಯೂ ಕೇಳಬೇಕಾದದ್ದಿದೆ. ದಾನಿ ಇರುವ ಆಸ್ಪತ್ರೆಗೆ ಕಸಿ ಪರವಾನಗಿ ಇದ್ದರೆ ಒಂದಿಷ್ಟು ಅಂಗ ಅದೇ ಆಸ್ಪತ್ರೆಯ ರೋಗಿಗಳಿಗೆ ಹೋಗುವ ಪದ್ಧತಿ ಇದೆ. ಆಸ್ಪತ್ರೆಗಳು ದಾನಿಗಳನ್ನು ಗುರುತಿಸಲಿ ಎಂಬ ಪ್ರೋತ್ಸಾಹ ಅದು. ಅನುಮಾನಕ್ಕೆ ಜಾಗ ಬಿಡುವುದೂ ಅದೇ. ಯಾವ ಅಂಗ ಪಟ್ಟಿಯ ಎಷ್ಟನೆಯವರಿಗೆ, ಯಾವ ಕಾರಣಕ್ಕೆ ಹೋಯಿತು ಅಂತ ಹೆಸರು ಬಿಟ್ಟು ಪ್ರತಿ ಪ್ರಕರಣ ಪ್ರಕಟಿಸಿದರೆ ಚಿತ್ರಕಥೆಗಾರರ ಅರ್ಧ ಕೆಲಸ ಹೋಗುತ್ತೆ.

ಭಯದ ಬೆಲೆ

1980ರಲ್ಲಿ ಬಿಬಿಸಿಯ 'ಪನೋರಮಾ' ಕಾರ್ಯಕ್ರಮ, ದಾನಿಗಳು ನಿಜಕ್ಕೂ ಸತ್ತಿರುತ್ತಾರಾ ಅಂತ ಪ್ರಶ್ನೆ ಎತ್ತಿತು. ಬ್ರಿಟನ್ನಿನಲ್ಲಿ ಕಿಡ್ನಿ ದಾನ ತಿಂಗಳುಗಟ್ಟಲೆ ಇಳಿಯಿತು. ಆ ತಿಂಗಳುಗಳಲ್ಲಿ ಕಾಯುತ್ತಾ ಸತ್ತವರ ಬಗ್ಗೆ ಥ್ರಿಲ್ಲರ್ ಬರಲಿಲ್ಲ.

ನಮ್ಮ ರಾಜ್ಯದಲ್ಲಿ 2023ರಲ್ಲಿ 178 ಕುಟುಂಬಗಳು ಮೆದುಳು ಸಾವಿನ ನಂತರ ಅಂಗ ಕೊಟ್ಟವು, ತೆಲಂಗಾಣ ಬಿಟ್ಟರೆ ದೇಶದಲ್ಲೇ ಹೆಚ್ಚು. ಸುಮಾರು ಏಳು ಕೋಟಿ ಜನಸಂಖ್ಯೆಗೆ ಇದು ಬೊಗಸೆ ನೀರು. ದಾನ ಕಡಿಮೆಯಾದಷ್ಟೂ ಕಾಯುವವರು ಹತಾಶರಾಗುತ್ತಾರೆ, ಹತಾಶರಾದವರ ಮನೆ ಬಾಗಿಲಿಗೇ ದಲ್ಲಾಳಿ ಬರುವುದು. ಸಿನಿಮಾ ನೋಡಿ ಅಂಗದಾನ ಬೇಡ ಅಂದವರು ತಮಗೆ ಗೊತ್ತಿಲ್ಲದೆ ನಿಜವಾದ ದಂಧೆಗೆ ಗಿರಾಕಿ ಒದಗಿಸುತ್ತಾರೆ.

2025ರ ಆಗಸ್ಟ್ 1ರ ರಾತ್ರಿ ವೈಟ್‌ಫೀಲ್ಡ್‌ನ ವೈದೇಹಿ ಆಸ್ಪತ್ರೆಯಿಂದ ರಾಜರಾಜೇಶ್ವರಿ ನಗರದ ಸ್ಪರ್ಶ್ ಆಸ್ಪತ್ರೆಗೆ ಒಂದು ಲಿವರ್ ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ಹೋಯಿತು. ಕೆ.ಆರ್. ಪುರ, ಇಂದಿರಾನಗರ, ಹಲಸೂರು ದಾಟಿ ಹೋದ ಆ ಪೆಟ್ಟಿಗೆಯ ಹಿಂದೆ ಸಹಿ ಹಾಕಿದ ಒಂದು ಮನೆ ಇದೆ.

ಆ ಸಹಿ ಕೇಳುವ ದಿನ ನಿಮ್ಮ ಮುಂದೆ ಬಂದರೆ ಹೆದರಬೇಡಿ, ಪ್ರಶ್ನೆ ಕೇಳಿ. ಎರಡೂ ಪರೀಕ್ಷೆ ಆಯಿತಾ, ಎಷ್ಟು ಹೊತ್ತಿಗೆ? ಆಪ್ನಿಯಾ ಪರೀಕ್ಷೆಯ ರಿಪೋರ್ಟ್ ತೋರಿಸಿ. ನಾಲ್ಕು ಸಹಿ ಇರುವ 10ನೇ ನಮೂನೆ ಎಲ್ಲಿ? ಇವರಲ್ಲಿ ಯಾರಾದರೂ ಕಸಿ ತಂಡದಲ್ಲಿದ್ದಾರಾ? ಒಪ್ಪಿದ ಮೇಲಿನ ಖರ್ಚು ನಮ್ಮ ಬಿಲ್ಲಿಗೆ ಸೇರಲ್ಲ ತಾನೇ? (ಸೇರಿಸುವಂತಿಲ್ಲ, ನಿಯಮದಲ್ಲೇ ಇದೆ.) ಉತ್ತರ ಸಮಾಧಾನ ಕೊಡದಿದ್ದರೆ 'ಇಲ್ಲ' ಅನ್ನುವ ಹಕ್ಕು ನಿಮಗಿದೆ, ಯಾರೂ ಕಾರಣ ಕೇಳುವಂತಿಲ್ಲ.

ಈ ಮಾತನ್ನು ಐಸಿಯು ಬಾಗಿಲಲ್ಲಿ ಮೊದಲ ಸಲ ಆಡುವುದು ಕಷ್ಟ. ಈ ಭಾನುವಾರ ಊಟ ಮಾಡುವಾಗ ಮನೆಯಲ್ಲಿ ಒಮ್ಮೆ ಆಡಿಬಿಡಿ. ಅಮ್ಮ "ಊಟದ ಹೊತ್ತಲ್ಲಿ ಎಂಥ ಅಪಶಕುನದ ಮಾತು" ಅಂತ ಬೈಯಬಹುದು. ಬೈಸಿಕೊಳ್ಳಿ.